ಬ್ರಿಟನ್ನಿನ ಗುಣಾಂಕದಿಂದ ನಮ್ಮ ಕಾರ್ಖಾನೆಯ ಇಂಗಾಲದ ಲೆಕ್ಕ ಹಾಕಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ದೊಡ್ಡಬಳ್ಳಾಪುರದ ಒಂದು ಸಿದ್ಧ ಉಡುಪು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನಮ್ಮ ಮಾಲು ಕೊಳ್ಳುವ ವಿದೇಶಿ ಕಂಪನಿಯವರು 2023-24ನೇ ಸಾಲಿನ ಇಂಗಾಲದ ಹೆಜ್ಜೆಗುರುತನ್ನು, ಅಂದರೆ ಕಾರ್ಖಾನೆಯ ಚಟುವಟಿಕೆಗಳಿಂದ ಹೊರಬರುವ ಹಸಿರುಮನೆ ಅನಿಲಗಳ ಒಟ್ಟು ಲೆಕ್ಕವನ್ನು, ಕೇಳಿದ್ದು, ಆ ಕೆಲಸ ನನ್ನ ಪಾಲಿಗೆ ಬಂದಿದೆ. ತಿಂಗಳಿಗೆ ಸರಾಸರಿ 40,000 ಯೂನಿಟ್ ಬೆಸ್ಕಾಂ ವಿದ್ಯುತ್, ಜನರೇಟರಿಗೆ 600 ಲೀಟರ್ ಡೀಸೆಲ್, ಇಸ್ತ್ರಿ ವಿಭಾಗಕ್ಕೆ ಹಬೆ ಕೊಡುವ ಬಾಯ್ಲರಿಗೆ 18 ಟನ್ ಸೌದೆ ಬೇಕಾಗುತ್ತದೆ. ಬ್ರಿಟನ್ ಸರ್ಕಾರದ ಪಟ್ಟಿಯಲ್ಲಿದ್ದ ಎಮಿಷನ್ ಫ್ಯಾಕ್ಟರ್, ಅಂದರೆ ಹೊರಸೂಸುವಿಕೆ ಗುಣಾಂಕ, ಯೂನಿಟ್ಟಿಗೆ 0.207 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ ಎಂದಿತ್ತು. ಅದರಿಂದ ಗುಣಿಸಿದಾಗ ಬೆಸ್ಕಾಂ ವಿದ್ಯುತ್ತಿಗೆ ತಿಂಗಳಿಗೆ 8.3 ಟನ್ ಬಂತು. ಜನರೇಟರ್ ಮೀಟರಿನ ಯೂನಿಟ್ಟುಗಳನ್ನೂ ಇದೇ ರೀತಿ ಗುಣಿಸಿ, ಡೀಸೆಲ್ ಲೆಕ್ಕವನ್ನು ಬೇರೆಯಾಗಿ ಸೇರಿಸಿದ್ದೇನೆ. ಸೌದೆಗೆ ಸೊನ್ನೆ ಹಾಕಿದ್ದೇನೆ. ಇದು ಸರಿಯೇ? ಕರ್ನಾಟಕದಲ್ಲಿ ಜಲ, ಗಾಳಿ ಮತ್ತು ಸೌರ ವಿದ್ಯುತ್ತಿನ ಪಾಲು ದೊಡ್ಡದಿರುವುದರಿಂದ ಕಡಿಮೆ ಗುಣಾಂಕವೇ ನಮಗೆ ಹೊಂದುತ್ತದೆಯೇ?

ಉತ್ತರ 1

ಇಂಧನ ಲೆಕ್ಕ ಪರಿಶೋಧನೆಯ ಕೆಲಸದಲ್ಲಿರುವ ನನಗೆ ಪದೇ ಪದೇ ಕಾಣುವ ತಪ್ಪಿದು. ವಿದ್ಯುತ್ತಿನ ಗುಣಾಂಕವು ಆ ದೇಶದ ಗ್ರಿಡ್ಡಿಗೆ ಯಾವ ಇಂಧನದಿಂದ ವಿದ್ಯುತ್ ಬರುತ್ತದೆ ಎಂಬುದನ್ನೇ ಅವಲಂಬಿಸಿರುವುದರಿಂದ, ಬ್ರಿಟನ್ನಿನ ಸಂಖ್ಯೆಗೂ ನಿಮ್ಮ ಬಿಲ್ಲಿಗೂ ಯಾವ ಸಂಬಂಧವೂ ಇಲ್ಲ. ಭಾರತದಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು ಪ್ರತಿ ವರ್ಷ ಈ ಗುಣಾಂಕವನ್ನು ಪ್ರಕಟಿಸುತ್ತದೆ. 2023-24ಕ್ಕೆ ಅದು ಯೂನಿಟ್ಟಿಗೆ 0.727 ಕೆಜಿ. ಆ ಪ್ರಕಾರ ನಿಮ್ಮ 40,000 ಯೂನಿಟ್ಟಿಗೆ 29 ಟನ್ನಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಅಂದರೆ ನೀವು ಬರೆದದ್ದರ ಮೂರೂವರೆ ಪಟ್ಟು.

ರಾಜ್ಯದ ಹೆಸರಿನಲ್ಲಿ ರಿಯಾಯಿತಿ ತೆಗೆದುಕೊಳ್ಳುವಂತಿಲ್ಲ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಜೋಡಣೆಯಾದ ಮೇಲೆ ಇಡೀ ಭಾರತಕ್ಕೆ ಒಂದೇ ಗ್ರಿಡ್ ಇದೆ, ಪ್ರಾಧಿಕಾರದ ಗುಣಾಂಕವೂ ಒಂದೇ. ಪವನ ವಿದ್ಯುತ್ತನ್ನು ಒಪ್ಪಂದ ಮಾಡಿಕೊಂಡು ಕೊಂಡಿದ್ದರೆ ಅದನ್ನು ಮಾರುಕಟ್ಟೆ ಆಧಾರಿತ ಲೆಕ್ಕವಾಗಿ, ಅಂದರೆ ಒಪ್ಪಂದದ ಮೂಲಕ ಕೊಂಡ ವಿದ್ಯುತ್ತಿನ ಮೂಲವನ್ನು ಹಿಡಿದು ಮಾಡುವ ಲೆಕ್ಕವಾಗಿ, ಪ್ರತ್ಯೇಕವಾಗಿ ತೋರಿಸಬಹುದು. ಆಗಲೂ ಗ್ರಿಡ್ ಸರಾಸರಿಯ ಲೆಕ್ಕವನ್ನು ಬಿಡುವಂತಿಲ್ಲ.

ಜನರೇಟರಿನ ಯೂನಿಟ್ಟುಗಳನ್ನು ದಯವಿಟ್ಟು ತೆಗೆದುಹಾಕಿ. ಆ ವಿದ್ಯುತ್ತಿನ ಹೊಗೆಯೆಲ್ಲ ಡೀಸೆಲ್ಲಿನ ಲೀಟರುಗಳಲ್ಲೇ ಲೆಕ್ಕಕ್ಕೆ ಸೇರಿದೆ. ಡೀಸೆಲ್ಲಿಗೂ ಬ್ರಿಟನ್ನಿನ ಸರಾಸರಿ ಗುಣಾಂಕ ಬೇಡ, ಏಕೆಂದರೆ ಅಲ್ಲಿ ಬಂಕಿನ ಡೀಸೆಲ್ಲಿಗೆ ಬೆರೆಸುವ ಜೈವಿಕ ಇಂಧನದ ಕಾರಣದಿಂದ ಆ ಸಂಖ್ಯೆ ಇಳಿದಿರುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿಯ ಮೌಲ್ಯಗಳಿಂದ ಲೀಟರಿಗೆ ಸುಮಾರು 2.68 ಕೆಜಿ ಬರುತ್ತದೆ. 600 ಲೀಟರಿಗೆ 1.6 ಟನ್.

ಉತ್ತರ 2

ಸೌದೆಯ ಬಗ್ಗೆ ಒಂದು ಮಾತು. ಮರ ಬೆಳೆಯುವಾಗ ಹೀರಿಕೊಂಡ ಇಂಗಾಲವೇ ಉರಿದಾಗ ಹೊರಬರುತ್ತದೆ ಎಂಬ ಕಾರಣಕ್ಕೆ ಅದರ ಇಂಗಾಲದ ಡೈಆಕ್ಸೈಡನ್ನು ಒಟ್ಟು ಮೊತ್ತಕ್ಕೆ ಸೇರಿಸುವುದಿಲ್ಲ, ನಿಜ. ಆದರೆ ಕಂಪನಿಗಳು ಇಂತಹ ಲೆಕ್ಕಕ್ಕೆ ಬಳಸುವ ಅಂತಾರಾಷ್ಟ್ರೀಯ ಮಾನದಂಡವಾದ ಜಿಎಚ್‌ಜಿ ಪ್ರೋಟೋಕಾಲ್ ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕೆನ್ನುತ್ತದೆ. ಐಪಿಸಿಸಿ ಮೌಲ್ಯಗಳ ಪ್ರಕಾರ ಟನ್ ಸೌದೆಗೆ ಸುಮಾರು 1.75 ಟನ್ ಆಗುತ್ತದೆ. ನಿಮ್ಮ 18 ಟನ್ನಿಗೆ 31 ಟನ್ ದಾಟುತ್ತದೆ. ಬಾಯ್ಲರಿನಿಂದ ಹೊರಡುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡುಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ಟನ್ ಸೌದೆಗೆ ಅವೆರಡೂ ಸೇರಿ ಸುಮಾರು 30 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮನಾಗುತ್ತವೆ, ಅಂದರೆ ತಿಂಗಳಿಗೆ ಅರ್ಧ ಟನ್ನಿನಷ್ಟು. ಸಣ್ಣ ಸಂಖ್ಯೆಯಾದರೂ ಸೊನ್ನೆಯಲ್ಲ. ಹಸಿ ಸೌದೆ ಬಂದ ಲೋಡುಗಳನ್ನು ಗುರುತು ಮಾಡಿಡಿ. ತೂಕದ ಚೀಟಿಯಲ್ಲಿರುವ ತೂಕದಲ್ಲಿ ನೀರಿನ ಪಾಲು ದೊಡ್ಡದಿದ್ದರೆ ಈ ಗುಣಾಂಕವು ಲೆಕ್ಕವನ್ನು ಹಿಗ್ಗಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಳೆಯನ್ನು ಮೊದಲಿನಿಂದ ತಿದ್ದುತ್ತಿದ್ದೇನೆ. ಜನರೇಟರ್ ಕೋಣೆಯ ಪುಸ್ತಕ ನೋಡಿದಾಗ ಇನ್ನೊಂದು ತೊಡಕು ಕಂಡಿತು: ಮಾರ್ಚ್ 29ರಂದು ಎರಡು ಬ್ಯಾರಲ್ ಡೀಸೆಲ್ ತರಿಸಿದ್ದೇವೆ, ಆದರೆ ಅದು ಉರಿದದ್ದು ಏಪ್ರಿಲ್‌ನಲ್ಲಿ. ಬಿಲ್ಲಿನ ತಾರೀಖನ್ನೇ ಹಿಡಿಯಬೇಕೇ?

ಉತ್ತರ 1

ಬೇಡ. ವರ್ಷದ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಮಾರ್ಚ್ 31ರ ಸಂಜೆ ಉಳಿದಿದ್ದನ್ನು ಕಳೆಯಿರಿ. ಗುಣಿಸಬೇಕಾದದ್ದು ಆ ಲೀಟರುಗಳನ್ನು. ಪ್ರತಿ ಗುಣಾಂಕದ ಪಕ್ಕದಲ್ಲಿ ಅದರ ಮೂಲವನ್ನೂ ವರ್ಷವನ್ನೂ ಬರೆದಿಡಿ, ಪರಿಶೀಲನೆಗೆ ಬರುವವರು ಮೊದಲು ಕೇಳುವುದು ಅದನ್ನೇ.