ರಾ ಫೈಲ್‌ಗಳ ಥಂಬ್‌ನೇಲ್ ಕಾಣುತ್ತಿಲ್ಲ, ಡಬಲ್ ಕ್ಲಿಕ್ ಮಾಡಿದರೂ ತೆರೆಯುತ್ತಿಲ್ಲ

ಪತಂಗಪ್ರಿಯ:

ಎಲ್ಲರಿಗೂ ನಮಸ್ಕಾರ. ರಾತ್ರಿ ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ, ಬಂದು ಕೂರುವ ಪತಂಗಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಒಂದೇ ಪತಂಗಕ್ಕೆ ಫೋಕಸ್ ಕೂದಲೆಳೆಯಷ್ಟು ಸರಿಸುತ್ತಾ ಹತ್ತಾರು ಫ್ರೇಮ್ ತೆಗೆಯುತ್ತೇನೆ. ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತು, ಮೀಸೆ ಚೂಪಾಗಿ ಬಂದದ್ದು ಯಾವುದು, ರೆಕ್ಕೆಯ ಹುರುಪೆ ಬಿಡಿಬಿಡಿಯಾಗಿ ಕಂಡದ್ದು ಯಾವುದು ಎಂದು ಆರಿಸಬೇಕು.

ಹಳೆಯ ಕ್ಯಾನನ್ ಕ್ಯಾಮೆರಾದ ಸಿಆರ್2 ಎಂಬ ರಾ ಫೈಲ್‌ಗಳ ಥಂಬ್‌ನೇಲ್ (ಪುಟ್ಟ ಚಿತ್ರಗಳು) ಫೋಲ್ಡರ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಹೊಸ ಕ್ಯಾನನ್ ಸಿಆರ್3 ಕೊಡುತ್ತದೆ. ಅವು ಮಾತ್ರ ಬರೀ ಬಿಳಿ ಹಾಳೆಯ ಐಕಾನ್. ಡಬಲ್ ಕ್ಲಿಕ್ ಮಾಡಿದರೆ ಯಾವುದರಲ್ಲಿ ತೆರೆಯಲಿ ಎಂದು ಕೇಳುತ್ತದೆ. ಬಹಳ ವರ್ಷಗಳಿಂದ ಬಳಸುತ್ತಿರುವ ಎಡಿಟಿಂಗ್ ಸಾಫ್ಟ್‌ವೇರ್ ಕೂಡ ಈ ಫೈಲ್ ನನಗೆ ಗೊತ್ತಿಲ್ಲ ಎನ್ನುತ್ತದೆ. ಕ್ಯಾಮೆರಾದ ಪರದೆಯಲ್ಲಿ ಅದೇ ಫೋಟೊ ಸೊಗಸಾಗಿ ಕಾಣುತ್ತದೆ! ವಿಂಡೋಸ್ 10 ಇದೆ. ಎಲ್ಲವನ್ನೂ ಜೆಪೆಗ್ ಮಾಡಿಟ್ಟುಕೊಳ್ಳುವುದು ಬೇಡ, ನನಗೆ ರಾ ಬೇಕೇ ಬೇಕು. ಫೈಲ್‌ಗಳೇನಾದರೂ ಕೆಟ್ಟಿರಬಹುದೇ? ಏನು ಮಾಡಲಿ?

ಕತ್ತಲೆಕೋಣೆ:

ಕ್ಯಾಮೆರಾದಲ್ಲಿ ಕಾಣುತ್ತಿದೆ ಎಂದರೆ ಕಾರ್ಡ್‌ನಲ್ಲಿರುವ ಫೈಲ್ ಬಹುಮಟ್ಟಿಗೆ ನೆಟ್ಟಗಿದೆ. ಕಂಪ್ಯೂಟರ್‌ಗೆ ಬಂದ ಪ್ರತಿಯನ್ನು ಮಾತ್ರ ಒಮ್ಮೆ ನೋಡಿ: ಕಾರ್ಡ್‌ನಲ್ಲಿರುವಷ್ಟೇ ಸೈಜ್ ಇಲ್ಲಿಯೂ ಇರಬೇಕು. ಹತ್ತಾರು ಎಂಬಿ ಇರಬೇಕಾದದ್ದು ಕೆಲವೇ ಕೆಬಿ ಇದ್ದರೆ ಕಾಪಿ ಅರ್ಧಕ್ಕೆ ನಿಂತಿದೆ ಎಂದರ್ಥ. ಸೈಜ್ ಸರಿಯಿದ್ದರೆ ಆ ಚಿಂತೆ ಬಿಡಿ.

ಇಲ್ಲಿ ಕೇಳುವವರಲ್ಲಿ ಹೆಚ್ಚಿನವರು ಒಂದೇ ತೊಂದರೆ ಎಂದುಕೊಳ್ಳುವಲ್ಲಿ ನಿಜಕ್ಕೂ ಎರಡಿರುತ್ತವೆ. ಪ್ರಿವ್ಯೂ ತೋರಿಸುವುದು ಒಂದು ಕೆಲಸ, ರಾ ತೆರೆಯುವುದು ಇನ್ನೊಂದು. ಇದನ್ನು ಬೇರೆ ಮಾಡಿ ನೋಡಿದರೆ ಮುಂದಿನ ದಾರಿ ಸಲೀಸು.

ರಾ ಎಂದರೆ ಸೆನ್ಸರ್ ಅಳೆದ ಬೆಳಕಿನ ಅಂಕಿಗಳು, ಅಷ್ಟೆ. ಹೆಚ್ಚಿನ ಕ್ಯಾಮೆರಾಗಳಲ್ಲಿರುವ ಬೇಯರ್ ಸೆನ್ಸರ್‌ನಲ್ಲಿ ಪ್ರತಿ ಪಿಕ್ಸೆಲ್ ಒಂದೇ ಬಣ್ಣವನ್ನು ಅಳೆಯುತ್ತದೆ: ಕೆಂಪು, ಇಲ್ಲವೇ ಹಸಿರು, ಇಲ್ಲವೇ ನೀಲಿ. ಉಳಿದೆರಡನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ತುಂಬಬೇಕು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾನಲ್ಲಿ 16,384. ಈ ಅಂಕಿಗಳನ್ನು ಚಿತ್ರ ಮಾಡಲು ಆ ಮಾಡೆಲ್‌ನ ಸೆನ್ಸರ್ ಕಪ್ಪನ್ನು ಯಾವ ಅಂಕಿಯಿಂದ ಶುರು ಮಾಡುತ್ತದೆ, ಅದರ ಕೆಂಪು ಎಷ್ಟು ಕೆಂಪು ಎಂಬುದು ಸಾಫ್ಟ್‌ವೇರ್‌ಗೆ ಗೊತ್ತಿರಬೇಕು. ಹಾಗಾಗಿಯೇ ಹೊಸ ಕ್ಯಾಮೆರಾ ಬಂದಾಗಲೆಲ್ಲ ಸಾಫ್ಟ್‌ವೇರ್ ಅಪ್‌ಡೇಟ್ ಬೇಕಾಗುತ್ತದೆ.

ಪ್ರಿವ್ಯೂಗೆ ಇಷ್ಟೆಲ್ಲ ಬೇಡ. ಕ್ಯಾಮೆರಾ ತನ್ನ ಪರದೆಯಲ್ಲಿ ತೋರಿಸಲೆಂದೇ ಒಂದು ಜೆಪೆಗ್ ತಯಾರಿಸಿ ಅದೇ ರಾ ಫೈಲಿನೊಳಗೆ ಇಟ್ಟಿರುತ್ತದೆ. ನಿಮ್ಮ ಸಿಆರ್3 ಒಳಗೆ ಹೀಗೆ ಮೂರು ಇರುತ್ತವೆ: 160×120ರ ಪುಟಾಣಿ, 1620×1080ರ ಮಧ್ಯಮ, ಜೊತೆಗೆ ಪೂರ್ಣ ಗಾತ್ರದ್ದೊಂದು. ಥಂಬ್‌ನೇಲ್ ತೋರಿಸುವ ಪ್ರೋಗ್ರಾಂ ಇವುಗಳಲ್ಲಿ ಒಂದನ್ನು ಹುಡುಕಿ ತೆಗೆದರೆ ಸಾಕು.

ಹಾಗಿದ್ದರೆ ಸಿಆರ್2 ಕಾಣುತ್ತದೆ, ಸಿಆರ್3 ಯಾಕೆ ಕಾಣುವುದಿಲ್ಲ? ಒಳಗಿನ ಕಟ್ಟಡವೇ ಬೇರೆ. ಸಿಆರ್2 ಟಿಫ್ ಎಂಬ ಹಳೆಯ ಚಿತ್ರ ಫಾರ್ಮ್ಯಾಟ್‌ನ ವಂಶದ್ದು. ನಿಕಾನ್‌ನ ಎನ್‌ಇಎಫ್, ಸೋನಿಯ ಎಆರ್‌ಡಬ್ಲ್ಯು, ಅಡೋಬಿಯ ಡಿಎನ್‌ಜಿ ಎಲ್ಲವೂ ಅದೇ ವಂಶ. 2018ರಲ್ಲಿ ಕ್ಯಾನನ್‌ನ ಇಒಎಸ್ ಎಂ50 ಕ್ಯಾಮೆರಾ ಜೊತೆ ಬಂದ ಸಿಆರ್3 ಎಂಪಿ4 ವಿಡಿಯೊ ಫೈಲಿನ ವಂಶದ್ದು. ಟಿಫ್ ಓದಲು ಕಲಿತ ಹಳೆಯ ಕೋಡೆಕ್ (ಫೈಲ್ ಓದಿಕೊಡುವ ತಂತ್ರಾಂಶ) ಇದರ ಮೊದಲ ಬೈಟ್‌ಗಳನ್ನು ನೋಡಿಯೇ ಹಿಂದೆ ಸರಿಯುತ್ತದೆ. ಹೆಸರು ಬದಲಾಯಿಸಿ ಸಿಆರ್2 ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಒಳಗಿನದು ಬದಲಾಗುವುದಿಲ್ಲ.

ಈಗ ಪರಿಹಾರ. ನಿಮ್ಮ ವಿಂಡೋಸ್ 10 ಆವೃತ್ತಿ 1903 ಅಥವಾ ಅದಕ್ಕಿಂತ ಹೊಸದೇ ನೋಡಿ. ಹೌದಾದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ರಾ ಇಮೇಜ್ ಎಕ್ಸ್‌ಟೆನ್ಷನ್ ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ. ಈಗಾಗಲೇ ಇದ್ದರೆ ಸ್ಟೋರ್‌ನಲ್ಲೇ ಅಪ್‌ಡೇಟ್ ಮಾಡಿ. ಅದರ ಹೊಟ್ಟೆಯಲ್ಲಿರುವುದು ಲಿಬ್‌ರಾ ಎಂಬ ಮುಕ್ತ ತಂತ್ರಾಂಶ, ಅದು ಸಿಆರ್3 ಓದಲು ಕಲಿತದ್ದು 2020ರಲ್ಲಿ. ಅದಕ್ಕೂ ಮುಂಚಿನ ಎಕ್ಸ್‌ಟೆನ್ಷನ್ ಇದ್ದರೆ ಪ್ರಯೋಜನವಿಲ್ಲ. ಹಾಕಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಆಮೇಲೂ ಬಿಳಿ ಹಾಳೆಯೇ ಕಂಡರೆ ವಿಂಡೋಸ್ ಹಳೆಯ ಐಕಾನ್‌ಗಳನ್ನೇ ಕ್ಯಾಶ್‌ನಿಂದ (ಮೊದಲೇ ಕೂಡಿಟ್ಟ ಸಂಗ್ರಹದಿಂದ) ತಂದು ತೋರಿಸುತ್ತಿರಬಹುದು. ಡಿಸ್ಕ್ ಕ್ಲೀನಪ್ ತೆರೆದು ಥಂಬ್‌ನೇಲ್ಸ್ ಎಂಬುದಕ್ಕೆ ಮಾತ್ರ ಟಿಕ್ ಹಾಕಿ ಅಳಿಸಿ. ಫೋಟೊಗಳಿಗೆ ಏನೂ ಆಗುವುದಿಲ್ಲ, ಪುಟ್ಟ ಚಿತ್ರಗಳು ಹೊಸದಾಗಿ ತಯಾರಾಗುತ್ತವೆ. ಫೋಲ್ಡರ್ ಆಪ್ಷನ್ಸ್‌ನ ವ್ಯೂ ಟ್ಯಾಬ್‌ನಲ್ಲಿ ಯಾವಾಗಲೂ ಐಕಾನ್ ಮಾತ್ರ ತೋರಿಸು ಎಂಬರ್ಥದ ಸಾಲಿಗೆ ಟಿಕ್ ಇದ್ದರೆ ಅದನ್ನೂ ತೆಗೆಯಿರಿ.

ಒಂದು ಮಾತು ಒತ್ತಿ ಹೇಳಬೇಕು. ನಿಮ್ಮದು ಮೀಸೆಯ ತುದಿ ನೋಡಿ ಆರಿಸುವ ಕೆಲಸ. ಮಧ್ಯಮ ಪ್ರಿವ್ಯೂ ನೋಡಿ ಯಾವ ಫ್ರೇಮನ್ನೂ ಅಳಿಸಬೇಡಿ. 6000 ಪಿಕ್ಸೆಲ್ ಅಗಲದ ಫೋಟೊವನ್ನು 1620ಕ್ಕೆ ಇಳಿಸಿದರೆ ಪ್ರಿವ್ಯೂನ ಒಂದು ಚುಕ್ಕಿಯೊಳಗೆ ಮೂಲದ ಹದಿಮೂರಕ್ಕೂ ಹೆಚ್ಚು ಪಿಕ್ಸೆಲ್ ಸೇರಿಹೋಗಿರುತ್ತವೆ. ಫೋಕಸ್ ತಪ್ಪಿದ್ದೂ ಚೂಪಾಗಿ ಕಾಣುತ್ತದೆ. ದೊಡ್ಡದು ಮಾಡಿದರೆ ಚೂಪಾಗಿರುವುದೂ ಮಂಕಾಗಿ ಕಾಣುತ್ತದೆ. ಎಷ್ಟೋ ಸೋನಿ ಕ್ಯಾಮೆರಾಗಳ ಎಆರ್‌ಡಬ್ಲ್ಯು ಒಳಗೆ 1616×1080ರ ಪ್ರಿವ್ಯೂ ಮಾತ್ರ ಇರುತ್ತದೆ. ಅಂಥ ಫೈಲನ್ನು ಸಾಮಾನ್ಯ ವ್ಯೂವರ್‌ನಲ್ಲಿ ಹಿಗ್ಗಿಸಿ ನೋಡಿ, ಲೆನ್ಸ್ ಸರಿಯಿಲ್ಲ ಎಂದು ತೀರ್ಮಾನಿಸಿ ಒಳ್ಳೊಳ್ಳೆಯ ಫ್ರೇಮ್‌ಗಳನ್ನು ಎಸೆಯುವವರನ್ನು ಕಂಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಆರಿಸುವುದಕ್ಕೆ ಪೂರ್ಣ ಗಾತ್ರದ ಜೆಪೆಗ್ ತೋರಿಸುವ ಇಲ್ಲವೇ ರಾವನ್ನೇ ತೆರೆಯುವ ಪ್ರೋಗ್ರಾಂ ಬಳಸಿ. ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಷನಲ್ ಉಚಿತ, ನಿಧಾನ ಅನ್ನಿಸಿದರೂ ನಂಬಬಹುದು. ಫಾಸ್ಟ್‌ರಾವ್ಯೂವರ್‌ಗೆ ದುಡ್ಡು ಕೊಡಬೇಕು, ಆದರೆ ನೂರಾರು ಫ್ರೇಮ್ ಸೋಸುವ ಕೆಲಸಕ್ಕೆಂದೇ ಮಾಡಿದ್ದು.

ಪೆಂಗ್ವಿನ್‌ಪಕ್ಷ:

ಲಿನಕ್ಸ್‌ನಲ್ಲಿ ಇದೇ ಗೋಳು ಇರುವವರಿಗೆ ನಂದೂ ಒಂದೆರಡು ಮಾತು ಇರ್ಲಿ. ಡಾಲ್ಫಿನ್ ಅನ್ನೋ ಫೈಲ್ ಮ್ಯಾನೇಜರ್ ಬಳಸ್ತಿದ್ರೆ ಕೆಡಿಇ ಗ್ರಾಫಿಕ್ಸ್ ಥಂಬ್‌ನೇಲರ್ಸ್ ಪ್ಯಾಕೇಜ್ ಹಾಕ್ಕೊಂಡು, ಸೆಟ್ಟಿಂಗ್ಸ್‌ನ ಪ್ರಿವ್ಯೂ ಪಟ್ಟಿಯಲ್ಲಿ ರಾ ಫೈಲ್‌ಗೆ ಟಿಕ್ ಹಾಕಿ. ಇಷ್ಟು ಎಂಬಿಗಿಂತ ದೊಡ್ಡದಕ್ಕೆ ಪ್ರಿವ್ಯೂ ಬೇಡ ಅನ್ನೋ ಮಿತಿನೂ ಅಲ್ಲೇ ಇರುತ್ತೆ, ರಾ ಫೈಲ್ ಅದನ್ನ ದಾಟಿದ್ರೆ ಕಾಣಲ್ಲ.

ಗ್ನೋಮ್ ಡೆಸ್ಕ್‌ಟಾಪ್‌ನವರು ಇನ್ನೊಂದು ನೋಡ್ಕೋಬೇಕು. ಒಂದ್ಸಲ ಥಂಬ್‌ನೇಲ್ ಮಾಡೋಕೆ ಆಗ್ಲಿಲ್ಲ ಅಂದ್ರೆ ಹೋಮ್ ಫೋಲ್ಡರ್‌ನ ಕ್ಯಾಶ್ ಒಳಗೆ ಥಂಬ್‌ನೇಲ್ಸ್, ಅದರೊಳಗೆ ಫೇಲ್ ಅಂತ ಫೋಲ್ಡರ್ ಮಾಡಿ ಗುರುತು ಹಾಕಿಡುತ್ತೆ. ಆಮೇಲೆ ನೀವು ಸರಿಯಾದ ಪ್ಯಾಕೇಜ್ ಹಾಕಿದ್ರೂ ಆ ಫೈಲನ್ನ ಮತ್ತೆ ಪ್ರಯತ್ನಾನೇ ಮಾಡಲ್ಲ. ಆ ಫೇಲ್ ಫೋಲ್ಡರ್ ಅಳಿಸಿ, ಫೋಲ್ಡರ್ ಮತ್ತೆ ತೆರೀರಿ, ಬರುತ್ತೆ. ತೆರೆದು ಕೆಲಸ ಮಾಡೋಕೆ ಡಾರ್ಕ್‌ಟೇಬಲ್ ಚೆನ್ನಾಗಿದೆ. ಸಿಆರ್3 ಬೇಕಂದ್ರೆ 3.8 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಲೇಬೇಕು.

ಪತಂಗಪ್ರಿಯ ಅವರೇ, ನಿಮಗೆ ಫೋಟೊ ಫೈಲಿನ ಒಳವಿವರ ಓದೋ ಎಕ್ಸಿಫ್‌ಟೂಲ್ ಕೂಡ ಉಪಯೋಗಕ್ಕೆ ಬರುತ್ತೆ, ವಿಂಡೋಸ್‌ನಲ್ಲೂ ಓಡುತ್ತೆ. ಕತ್ತಲೆಕೋಣೆ ಅವರು ಹೇಳಿದ ಆ ಪೂರ್ಣ ಗಾತ್ರದ ಜೆಪೆಗ್‌ಗೆ ಅದರಲ್ಲಿ ಜೆಪಿಜಿ ಫ್ರಮ್ ರಾ ಅಂತ ಟ್ಯಾಗ್ ಹೆಸರು. ಇಡೀ ಫೋಲ್ಡರ್‌ನಿಂದ ಒಂದೇ ಆದೇಶದಲ್ಲಿ ಹೊರಗೆ ತೆಗೀಬಹುದು. ರಾ ಸಂಸ್ಕರಣೆ ಏನೂ ಇಲ್ಲದ್ದರಿಂದ ಬೇಗ ಮುಗಿಯುತ್ತೆ. ಹಾಗೆ ತೆಗೆದ ಜೆಪೆಗ್‌ಗೆ ದಿನಾಂಕ, ದಿಕ್ಕು ಇರಲ್ಲ, ನಿಲುವು ಫೋಟೊ ಅಡ್ಡ ಮಲಗಿರುತ್ತೆ. ಟ್ಯಾಗ್ಸ್ ಫ್ರಮ್ ಫೈಲ್ ಆಯ್ಕೆ ಕೊಟ್ಟು ರಾನಿಂದ ಆ ವಿವರಗಳನ್ನ ನಕಲು ಮಾಡ್ಕೊಳ್ಳಿ.

ಬೆಳಕಿಂಡಿ:

ಮ್ಯಾಕ್ ಬಳಸುವವರಿಗೆ ಚಿಕ್ಕದಾಗಿ. ರಾ ಬೆಂಬಲ ಮ್ಯಾಕ್‌ಒಎಸ್ ಒಳಗೇ ಇರುತ್ತದೆ, ಬೇರೆ ಕೋಡೆಕ್ ಹುಡುಕಬೇಕಿಲ್ಲ. ಸ್ಪೇಸ್ ಬಾರ್ ಒತ್ತಿದರೆ ಕ್ವಿಕ್ ಲುಕ್‌ನಲ್ಲಿ ಕಾಣುತ್ತದೆ. ಹೊಸ ಕ್ಯಾಮೆರಾ, ಹಳೆಯ ಒಎಸ್ ಆದರೆ ಕಾಣದಿರಬಹುದು. ಆಪಲ್ ಪ್ರಕಟಿಸುವ ಕ್ಯಾಮೆರಾ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಯಾವ ಒಎಸ್ ಆವೃತ್ತಿಯ ಕೆಳಗಿದೆ ಎಂದು ನೋಡಿ.

ಮಾಡೆಲ್ ಪಟ್ಟಿಯಲ್ಲಿದ್ದರೂ ಫೈಲ್ ತೆರೆಯದಿದ್ದರೆ ಕ್ಯಾಮೆರಾ ಮೆನುವಿನಲ್ಲಿ ಕಂಪ್ರೆಷನ್ ಬಗೆ ಪರಿಶೀಲಿಸಿ. ನಿಕಾನ್ ಝಡ್9, ಝಡ್8ರಲ್ಲಿ ಹೈ ಎಫಿಷಿಯೆನ್ಸಿ ಎಂಬ ಆಯ್ಕೆ ಇದೆ. ಫೈಲ್ ಹೆಸರಿನ ಕೊನೆ ಅದೇ ಎನ್‌ಇಎಫ್, ಆದರೆ ಒಳಗಿನ ಒತ್ತುವ ವಿಧಾನ ಬೇರೆಯೇ. ಲಾಸ್‌ಲೆಸ್ ಎನ್‌ಇಎಫ್ ತೆರೆಯುವ ಎಷ್ಟೋ ಪ್ರೋಗ್ರಾಂಗಳು ಇದರ ಮುಂದೆ ಸೋಲುತ್ತವೆ.

ಪತಂಗಪ್ರಿಯ:

ಬಂತು! ಎಕ್ಸ್‌ಟೆನ್ಷನ್ ಹಾಕಿ, ರೀಸ್ಟಾರ್ಟ್ ಮಾಡಿ, ಕ್ಯಾಶ್ ಅಳಿಸಿದ ಮೇಲೆ ಎಲ್ಲ ಥಂಬ್‌ನೇಲ್‌ಗಳೂ ಬಂದವು. ಡಿಜಿಟಲ್ ಫೋಟೊ ಪ್ರೊಫೆಷನಲ್‌ನಲ್ಲಿ ಫೈಲ್‌ಗಳು ತೆರೆಯುತ್ತಿವೆ. ನೂರು ಪರ್ಸೆಂಟ್‌ಗೆ ಹಿಗ್ಗಿಸಿದರೆ ಮೀಸೆಯ ಕವಲು ಕವಲೂ ಎಣಿಸಬಹುದು. ಎಲ್ಲರಿಗೂ ತುಂಬಾ ಧನ್ಯವಾದ.

ಇನ್ನೆರಡು ಸಂಶಯ. ಡಾರ್ಕ್‌ಟೇಬಲ್ ಕೂಡ ಹಾಕಿ ನೋಡಿದೆ. ಪಟ್ಟಿಯಲ್ಲಿ ಚಿತ್ರ ಗಾಢವಾಗಿ ಕಾಣುತ್ತದೆ, ತೆರೆದ ಕೂಡಲೇ ಬಣ್ಣ ಸಪ್ಪೆಯಾಗಿ, ರೆಕ್ಕೆಯ ಕಂದು ಸ್ವಲ್ಪ ಬೂದು ತಿರುಗುತ್ತದೆ. ನನಗೆ ಪ್ರಭೇದ ಗುರುತಿಸಲು ಬಣ್ಣ ಮುಖ್ಯ, ಯಾವುದನ್ನು ನಂಬಲಿ? ಎರಡನೆಯದು, ನನ್ನ ಹಳೆಯ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಇವನ್ನು ತೆರೆಯಲು ದಾರಿ ಇದೆಯೇ? ಕೈಗೆ ಒಗ್ಗಿದೆ, ಬಿಡಲು ಮನಸ್ಸಿಲ್ಲ.

ಕತ್ತಲೆಕೋಣೆ:

ಬಣ್ಣದ ವಿಷಯ ಮೊದಲು. ಪಟ್ಟಿಯಲ್ಲಿ ಕಂಡದ್ದು ಕ್ಯಾಮೆರಾ ಮಾಡಿಟ್ಟ ಜೆಪೆಗ್, ಅದಕ್ಕೆ ಪಿಕ್ಚರ್ ಸ್ಟೈಲ್ ಎಂಬ ಕ್ಯಾಮೆರಾ ಸೆಟ್ಟಿಂಗ್‌ನ ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲ ಬಳಿದಿರುತ್ತದೆ. ತೆರೆದಾಗ ಕಂಡದ್ದು ಡಾರ್ಕ್‌ಟೇಬಲ್ ತನ್ನದೇ ಲೆಕ್ಕದಲ್ಲಿ ರಾನಿಂದ ಕಟ್ಟಿದ ಚಿತ್ರ. ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ) ಅದು ಫೈಲ್‌ನಿಂದ ಓದಿಕೊಳ್ಳುತ್ತದೆ, ಪಿಕ್ಚರ್ ಸ್ಟೈಲನ್ನು ಓದುವುದಿಲ್ಲ. ಕ್ಯಾಮೆರಾದಲ್ಲಿ ಹೈಲೈಟ್ ಟೋನ್ ಪ್ರಯಾರಿಟಿ ಆನ್ ಇದ್ದರೆ ಕತ್ತಲೆಯಾಗಿಯೂ ಕಾಣಬಹುದು: ಕ್ಯಾಮೆರಾ ಬೇಕೆಂದೇ ಒಂದು ಸ್ಟಾಪ್ (ಅರ್ಧದಷ್ಟು) ಕಡಿಮೆ ಬೆಳಕಿಗೆ ತೆಗೆದು ಜೆಪೆಗ್‌ನಲ್ಲಿ ಎತ್ತಿ ತೋರಿಸುತ್ತದೆ.

ಪ್ರಭೇದ ಗುರುತಿಸಲು ಎರಡರಲ್ಲಿ ಯಾವುದನ್ನೂ ಹಾಗೆಯೇ ನಂಬಬೇಡಿ. ನಿಮ್ಮ ದೀಪದ ಬಣ್ಣವೇ ಎಲ್ಲವನ್ನೂ ಎಳೆದಿರುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಫ್ರೇಮಿನಿಂದ ಫ್ರೇಮಿಗೆ ಬದಲಾಗಲೂಬಹುದು. ಪ್ರತಿ ರಾತ್ರಿ ಪತಂಗ ಕೂರುವ ಜಾಗದಲ್ಲೇ, ಅದೇ ಬೆಳಕಿನಲ್ಲಿ, ಬೂದು ಕಾರ್ಡ್ ಹಿಡಿದು ಒಂದು ಫ್ರೇಮ್ ತೆಗೆದಿಡಿ. ನಂತರ ಆ ಕಾರ್ಡ್‌ನಿಂದ ವೈಟ್ ಬ್ಯಾಲೆನ್ಸ್ ಆರಿಸಿ ಅದೇ ಬೆಳಕಿನ ಎಲ್ಲ ಫ್ರೇಮ್‌ಗಳಿಗೂ ಹಚ್ಚಿ. ರಾ ಇಟ್ಟುಕೊಳ್ಳಬೇಕೆಂಬ ನಿಮ್ಮ ಹಟ ಸಾರ್ಥಕವಾಗುವುದು ಇಲ್ಲೇ. ಜೆಪೆಗ್‌ನಲ್ಲಿ ಆ ಕಂದು ಈಗಾಗಲೇ ನಿಂತುಬಿಟ್ಟಿದೆ, ಎಳೆದಾಡಿದರೆ ಕೆಡುತ್ತದೆ. ರಾನಲ್ಲಿ ವೈಟ್ ಬ್ಯಾಲೆನ್ಸ್ ಇನ್ನೂ ಬರೀ ಗುಣಕದ ಲೆಕ್ಕ, ಬೇಕಾದಂತೆ ಬದಲಿಸಿದರೂ ಏನೂ ಕಳೆದುಹೋಗುವುದಿಲ್ಲ.

ಹಳೆಯ ಸಾಫ್ಟ್‌ವೇರ್‌ಗೆ ದಾರಿ ಇದೆ, ಡಿಎನ್‌ಜಿ. ಅಡೋಬಿ 2004ರಲ್ಲಿ ತಂದ ಮುಕ್ತ ವಿವರಣೆಯ ರಾ ಫಾರ್ಮ್ಯಾಟ್ ಇದು. ಡಿಎನ್‌ಜಿ ಕನ್ವರ್ಟರ್ ಉಚಿತ, ಫೋಲ್ಡರ್ ತೋರಿಸಿದರೆ ಇಡೀ ಫೋಲ್ಡರನ್ನು ಬದಲಿಸಿಕೊಡುತ್ತದೆ. ಬಣ್ಣ ಕಟ್ಟಲು ಬೇಕಾದ ಕ್ಯಾಮೆರಾ ಮಾಹಿತಿಯನ್ನು ಫೈಲಿನೊಳಗೇ ಬರೆದಿಡುವುದರಿಂದ ನಿಮ್ಮ ಮಾಡೆಲ್‌ನ ಹೆಸರೇ ಕೇಳದ ಸಾಫ್ಟ್‌ವೇರ್ ಕೂಡ ಡಿಎನ್‌ಜಿ ಓದಬಲ್ಲದಾದರೆ ತೆರೆಯುತ್ತದೆ. ಉದಾಹರಣೆಗೆ ಅಡೋಬಿಯದೇ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ 6ರ ಕೊನೆಯ ಅಪ್‌ಡೇಟ್ ಬಂದದ್ದು 2017ರ ಡಿಸೆಂಬರ್‌ನಲ್ಲಿ, ಸಿಆರ್3 ಹುಟ್ಟುವ ಮೊದಲೇ. ಅದನ್ನು ಇಂದಿಗೂ ಬಳಸುತ್ತಿರುವವರು ಹೊಸ ಕ್ಯಾಮೆರಾದ ಫೋಟೊ ತೆರೆಯುವುದು ಹೀಗೆಯೇ. ಕನ್ವರ್ಟರ್‌ನ ಪ್ರಿಫರೆನ್ಸಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬಲ್ಲಿ ನಿಮ್ಮ ಸಾಫ್ಟ್‌ವೇರ್‌ನ ಕಾಲಕ್ಕೆ ಹೊಂದುವ ಹಳೆಯ ಆವೃತ್ತಿಯನ್ನು ಆರಿಸಿ. ಪ್ರಿವ್ಯೂ ಗಾತ್ರವನ್ನು ಫುಲ್ ಸೈಜ್‌ಗೆ ಇಡಿ, ಮೀಸೆ ನೋಡಲು ಬೇಕಾಗುತ್ತದೆ.

ಬದಲಿಸಿದ ಮೇಲೆ ಸಿಆರ್3 ಅಳಿಸಬೇಡಿ. ಡಿಜಿಟಲ್ ಫೋಟೊ ಪ್ರೊಫೆಷನಲ್ ಡಿಎನ್‌ಜಿ ತೆರೆಯುವುದಿಲ್ಲ, ಡಿಎನ್‌ಜಿಯಿಂದ ಸಿಆರ್3ಗೆ ಹಿಂದಿರುಗುವ ದಾರಿಯೂ ಇಲ್ಲ. ಮೂಲ ಫೈಲನ್ನು ಡಿಎನ್‌ಜಿಯೊಳಗೇ ಸೇರಿಸಿಡುವ ಆಯ್ಕೆ ಕನ್ವರ್ಟರ್‌ನಲ್ಲಿದೆ, ಆದರೆ ಆಗ ಪ್ರತಿ ಫೈಲೂ ಹೆಚ್ಚುಕಡಿಮೆ ಎರಡರಷ್ಟು ದಪ್ಪ. ಸಿಆರ್3ಗಳನ್ನು ಬೇರೆ ಡಿಸ್ಕ್‌ಗೆ ಸರಿಸಿ, ಆರಿಸಿ ಉಳಿಸಿಕೊಂಡ ಫ್ರೇಮ್‌ಗಳನ್ನು ಮಾತ್ರ ಡಿಎನ್‌ಜಿ ಮಾಡಿ.