ಹಿರೀಮನೆ ಬಳಗ: ಮಿನಿ ಟ್ರ್ಯಾಕ್ಟರ್ ವಾಸನೆ

ಸುಮಕ್ಕ (ಹಲವು ಬಾರಿ ಫಾರ್ವರ್ಡ್ ಆಗಿದೆ), ಸಂಜೆ 7:12
ರೈತ ಬಾಂಧವರೇ ಎಚ್ಚರ!! ಈಗ ಡೀಸೆಲ್‌ಗೂ ಎಥನಾಲ್ ಬೆರೆಸುತ್ತಿದ್ದಾರೆ. ಲೋಡ್ ಬಿದ್ದಾಗ ಟ್ರ್ಯಾಕ್ಟರಿನಿಂದ ಸಿಹಿ ವಾಸನೆ ಬಂದರೆ ಇದೇ ಕಾರಣ. ಟ್ಯಾಂಕಿಗೆ 1 ಲೀಟರ್ ಸೀಮೆಎಣ್ಣೆ ಹಾಕಿದರೆ ಸರಿಹೋಗುತ್ತದೆ. 10 ಜನರಿಗೆ ಕಳಿಸಿ 🙏

ಸುಮಕ್ಕ
ನಾಗೂ, ನಿನ್ನೆ ಫೋನಲ್ಲಿ ಹೇಳ್ತಿದ್ದೆಯಲ್ಲ, ನೋಡು ಇದೇ ಅದು.

ನಾಗರಾಜ
ಹೌದು ಕಣಕ್ಕ. ಆಲೂಗಡ್ಡೆ ಹೊಲಕ್ಕೆ ರೋಟವೇಟರ್ (ಮಣ್ಣು ಪುಡಿ ಮಾಡೋ ಯಂತ್ರ) ಹೊಡೆಯುವಾಗ ಮಾತ್ರ ಬರ್ತದೆ. ಖಾಲಿ ಓಡಿಸಿದ್ರೆ ಏನೂ ಇಲ್ಲ. ಬೇರೆ ಬಂಕಲ್ಲಿ ಹಾಕಿಸಿದ ಮೇಲೇ ಶುರುವಾಗಿದ್ದು.

ಕಿರಣ
ಅಕ್ಕ, ಇದನ್ನ ಹೇಳಿದ್ದು ಯಾರು? ಯಾವ ತಾರೀಕು? ಎಥನಾಲ್ ಬೆರೆಸೋದು ಪೆಟ್ರೋಲ್‌ಗೆ. ಇ20 ಅಂತಾರಲ್ಲ, ಅದೂ ಪೆಟ್ರೋಲೇ.

ಸುಮಕ್ಕ
ನಾನು ಏನು ಹಾಕಿದ್ರೂ ನಿಂಗೆ ಮೂಲ ಬೇಕು. ಬೆಳ್ಳುಳ್ಳಿ ಕಷಾಯದ್ದು ಹಾಕಿದಾಗಲೂ ಎಲ್ಲರ ಎದುರಿಗೆ ಹಿಂಗೇ ಮಾಡ್ದೆ.

ಕಿರಣ
ಕಷಾಯ ಕುಡಿದ್ರೆ ಹೊಟ್ಟೆ ಉರಿಯುತ್ತೆ ಅಷ್ಟೇ ಅಕ್ಕ. ಇದನ್ನ ನಂಬಿದ್ರೆ ಪಂಪ್ ಹೋಗುತ್ತೆ.

ರಮೇಶ ಭಾವ
ನಾಗರಾಜ, ಸೀಮೆಎಣ್ಣೆ ಮಾತ್ರ ಹಾಕಬೇಡ. ಡೀಸೆಲ್ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಆಯಿಲ್ ಇದ್ದಂಗೆ. ಸೀಮೆಎಣ್ಣೆಗೆ ಆ ಜಿಡ್ಡು ಸಾಲದು, ಪಂಪಿನೊಳಗೆ ಡೀಸೆಲ್ ಒತ್ತೋ ಪ್ಲಂಜರ್ ಸವೆಯುತ್ತೆ. ವಾಸನೆ ಎಂಥದು, ಸರಿಯಾಗಿ ಹೇಳು.

ಮಂಜ
ಕ್ಲಚ್ ಅದು. ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ ಅಂತ ಯುಗಾದಿಗೇ ಹೇಳಿದ್ದೆ.

ನಾಗರಾಜ
5 ಅಡಿ ರೋಟವೇಟರ್ ತಂದು ಕಟ್ಟಿದ್ದು ಯಾರು ಮಂಜ? ಅದನ್ನೂ ಹೇಳು.

ಮಂಜ
ಒಂದು ದಿನದ ಮಟ್ಟಿಗೆ ತಂದಿದ್ದು. 4 ಅಡಿಯದ್ದರ ಗೇರ್‌ಬಾಕ್ಸಿಗೆ ಆಯಿಲ್ ಹಾಕದೆ ಕೆಡಿಸಿದ್ದು ನೀನು. ಇಲ್ದಿದ್ರೆ ನಾನ್ಯಾಕೆ ಕಂಡೋರ ಮನೆಗೆ ಹೋಗಿ ಕೇಳಲಿ?

ದೊಡ್ಡಪ್ಪ
ಮಕ್ಕಳೇ, ಅಣ್ಣತಮ್ಮಂದಿರು ಸೇರಿ ತಗೊಂಡ ಗಾಡಿ. ಎತ್ತಿಗೆ ನೊಗ ಭಾರ ಆದ್ರೆ ನಿಂತುಬಿಡ್ತಿತ್ತು, ನಮಗೆ ಅರ್ಥ ಆಗ್ತಿತ್ತು. ಯಂತ್ರಕ್ಕೆ ಬಾಯಿಲ್ಲ, ನಾವೇ ತಿಳ್ಕೋಬೇಕು. ಮೊದಲು ಇಬ್ಬರೂ ಸಮಾಧಾನವಾಗಿ ಮಾತಾಡಿ.

ನಾಗರಾಜ
ಭಾವ, ಬೆಲ್ಲದ ಪಾಕ ತಳ ಹತ್ತಿದ ಹಾಗೆ ವಾಸನೆ. ಸಾಲಿನ ಕೊನೆಯಲ್ಲಿ ತಿರುಗಿಸಿ ನಿಲ್ಲಿಸಿದಾಗ ಜಾಸ್ತಿ.

ಶಶಿ
ಅಯ್ಯೋ, ಆಲೆಮನೆ ನೆನಪಾಯ್ತು! ಚನ್ನರಾಯಪಟ್ಟಣದ ಅತ್ತೆ ಮನೆ ಹತ್ತಿರ ಕೊಪ್ಪರಿಗೆ ಇಳಿಸೋ ಹೊತ್ತಿಗೆ ಊರಿಗೆಲ್ಲ ಇದೇ ಘಮ. ಬಿಸಿ ಬೆಲ್ಲ ತೆಂಗಿನ ಗರಿ ಮೇಲೆ ಹಾಕಿ ಕೊಡ್ತಿದ್ರು. ಯಾರ ಹತ್ರನಾದ್ರೂ ಆಗಿನ ಫೋಟೋ ಇದೆಯಾ?

ಸುಮಕ್ಕ
ಅಮ್ಮನ ಟ್ರಂಕಲ್ಲಿ ಇರಬೇಕು ಶಶಿ. ನೋಡಿ, ಸಿಹಿ ವಾಸನೆ ಅಂತ ಅವನೇ ಹೇಳ್ದ. ಮೆಸೇಜಲ್ಲೂ ಅದೇ ಇದೆ.

ರಮೇಶ ಭಾವ
ವಾಸನೆ ಸಿಹಿ ಅನ್ನೋದು ಸರಿ ಸುಮಾ, ಕಾರಣ ತಪ್ಪು. ಸಿಹಿ ಅಂದ್ರೆ ಮೊದಲು ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋಕೆ ರೇಡಿಯೇಟರ್‌ಗೆ ಹಾಕೋ ದ್ರವ, ನೋಡಬೇಕು. ಅದರಲ್ಲಿ ಗ್ಲೈಕಾಲ್ ಇರುತ್ತೆ, ಬಿಸಿ ಕಬ್ಬಿಣದ ಮೇಲೆ ಬಿದ್ರೆ ಪಾಕದ ವಾಸನೆ. ಕ್ಲಚ್ ಸುಟ್ಟರೆ ಹಿಂಗಿರಲ್ಲ. ಮೂಗಿಗೆ ಹೊಡೆಯೋ ಘಾಟು, ಬ್ರೇಕ್ ಲೈನರ್ ಕಾದಂಗೆ, ಜೊತೆಗೆ ಎಂಜಿನ್ ಕೂಗುತ್ತೆ ಗಾಡಿ ಮುಂದೆ ಹೋಗಲ್ಲ. ಬೆಲ್ಟ್ ಜಾರಿದ್ರೆ ಸುಟ್ಟ ರಬ್ಬರ್. ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರಿ ಸೈಲೆನ್ಸರ್ ಬುಡಕ್ಕೆ ಆಯಿಲ್ ಬಿದ್ರೆ ಕಮಟು ವಾಸನೆ, ನೀಲಿ ಹೊಗೆ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಕುದೀತಿದೆ ಅಂತ ಲೆಕ್ಕ. ಆಗ ಹತ್ತಿರ ಬೀಡಿಯನ್ನೂ ಹಚ್ಚಬಾರದು.

ಮಂಜ
ಕ್ಲಚ್ ಅಲ್ಲ ಅಂತ ಇಲ್ಲಿಂದಲೇ ಹೆಂಗೆ ಹೇಳ್ತೀರ ಭಾವ?

ರಮೇಶ ಭಾವ
ಪರೀಕ್ಷೆ ಇದೆ. ಸಮ ಜಾಗದಲ್ಲಿ ನಿಲ್ಲಿಸಿ, ಪಿಟಿಓ (ರೋಟವೇಟರ್ ತಿರುಗಿಸೋ ಶಾಫ್ಟ್) ತೆಗೆದು, ಎರಡೂ ಬ್ರೇಕ್ ಕೊಂಡಿ ಹಾಕಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೀರಿ. ಎದುರಿಗೆ ಯಾರೂ ನಿಲ್ಲಬಾರದು. ದೊಡ್ಡ ಗೇರಿಗೆ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ಗಪ್ಪಂತ ಆಫ್ ಆದ್ರೆ ಪ್ಲೇಟ್ ಹಿಡೀತಿದೆ. ಆಫ್ ಆಗದೆ ಓಡ್ತಾನೇ ಇದ್ರೆ ಜಾರ್ತಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದ್ರೆ ಒಳ್ಳೇ ಪ್ಲೇಟೂ ಸುಡುತ್ತೆ. ಕ್ಲಚ್ ಪೆಡಲ್ ಆಟ, ಅಂದ್ರೆ ಒತ್ತಿದಾಗ ಮೊದಲು ಸಡಿಲವಾಗಿ ಇಳಿಯೋ ದೂರ, 20ರಿಂದ 30 ಮಿ.ಮೀ. ಇರಬೇಕು.

ನಾಗರಾಜ, ರಾತ್ರಿ 8:05
ಮಾಡ್ದೆ ಭಾವ. ಕ್ಲಚ್ ಅರ್ಧ ಬಿಡೋದ್ರೊಳಗೆ ಆಫ್ ಆಯ್ತು. ಆಟ ಒಂದು ಇಂಚು ಇದೆ. ಮಂಜ ಪಕ್ಕದಲ್ಲೇ ಇದ್ದ, ಕೇಳಿ.

ಮಂಜ
ಸರಿ, ಕ್ಲಚ್ ಅಲ್ಲ. ಆದ್ರೆ ಹೀಟ್ ಮೀಟರ್ ಮುಳ್ಳು ಮಧ್ಯಾನೂ ದಾಟಿಲ್ಲ. ಮತ್ತೆ ಕೂಲೆಂಟ್ ಹೆಂಗೆ ಕುದೀತು?

ರಮೇಶ ಭಾವ
ಇಲ್ಲೇ ಎಲ್ಲರೂ ಮೋಸ ಹೋಗೋದು. ಮೀಟರಿನ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ತೋರಿಸುತ್ತೆ. ನೀರು ಅದಕ್ಕಿಂತ ಕೆಳಗೆ ಇಳಿದ್ರೆ ಮುಳ್ಳು ಏರಲ್ಲ, ಒಳಗೆ ಎಂಜಿನ್ ಹೆಡ್ ಕಾದು ಕೆಂಪಾಗ್ತಿದ್ರೂ ಸುಮ್ಮನಿರುತ್ತೆ. ಈಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಬಿಸಿ ನೀರು ಮುಖಕ್ಕೆ ಚಿಮ್ಮುತ್ತೆ. ತಣ್ಣೀರು ಸುರಿಯೋದಂತೂ ಬೇಡವೇ ಬೇಡ, ಹೆಡ್ ಬಿರುಕು ಬಿಡುತ್ತೆ. ಬೆಳಿಗ್ಗೆ ತಣ್ಣಗಾದ ಮೇಲೆ ಬಿಳಿ ಬಟ್ಟೆ ಹಿಡಿದು ಹೋಸ್ ತುದಿ, ರೇಡಿಯೇಟರ್ ಬುಡ, ವಾಟರ್ ಪಂಪ್ ಕೆಳಗಿನ ಸಣ್ಣ ತೂತು ಎಲ್ಲಾ ಒರೆಸಿ ನೋಡು.

ಕಿರಣ
ಭಾವ, ಲೋಡ್‌ನಲ್ಲಿ ಮಾತ್ರ ಸೋರೋದು ಯಾಕೆ? ಶೆಡ್ಡಲ್ಲಿ ನಿಂತಾಗ ನೆಲಕ್ಕೆ ಒಂದು ಹನೀನೂ ಬಿದ್ದಿಲ್ವಂತೆ.

ರಮೇಶ ಭಾವ
ಕಾದಾಗ ಒತ್ತಡ ಏರುತ್ತೆ ಕಿರಣ. ಮುಚ್ಚಳ 0.9 ಬಾರ್ ವರೆಗೆ ತಡೆಯುತ್ತೆ ಅಂತಿಟ್ಕೋ, ಅಷ್ಟು ಏರಿದಾಗ ಮಾತ್ರ ಸಡಿಲ ಕ್ಲಿಪ್ ಬಾಯಿ ಬಿಡೋದು. ಹನಿ ಬಿಸಿ ಲೋಹಕ್ಕೆ ತಾಗಿ ಆವಿ ಆಗಿಬಿಡುತ್ತೆ, ನೆಲದವರೆಗೆ ಬರಲ್ಲ. ಮುಚ್ಚಳದ ರಬ್ಬರೂ ನೋಡಬೇಕು. ನಮ್ಮ ಹಾಸನ ಸೀಮೆ 900 ಮೀಟರ್‌ಗೂ ಎತ್ತರ, ಮುಚ್ಚಳ ಒತ್ತಡ ಹಿಡೀದಿದ್ರೆ ಬರೀ ನೀರು 97 ಡಿಗ್ರಿಗೇ ಕುದಿಯುತ್ತೆ.

ನಾಗರಾಜ, ಬೆಳಿಗ್ಗೆ 6:40
(ಫೋಟೋ)
ಮೇಲಿನ ಹೋಸ್ ಕ್ಲಿಪ್ ಕೆಳಗೆ ಹಸಿರು ಮಿಶ್ರ ಬಿಳಿ ಉಪ್ಪು ಕಟ್ಟಿದೆ. ಬೆರಳಲ್ಲಿ ಉಜ್ಜಿದ್ರೆ ಅಂಟಂಟು. ಹೋಸ್ ತುದಿ ಉಬ್ಬಿದೆ, ಹಿಸುಕಿದ್ರೆ ಒಳಗೆ ಚರಚರ ಅನ್ನುತ್ತೆ. ರೇಡಿಯೇಟರ್‌ಗೆ ಒಂದೂವರೆ ಲೀಟರ್ ಹಿಡಿಯೋಷ್ಟು ಕಡಿಮೆ ಇದೆ. ಪಕ್ಕದ ಕೂಲೆಂಟ್ ಬಾಟಲ್ ಖಾಲಿ.

ಮಂಜ
ಶಿವರಾತ್ರಿಲಿ ನಾನೇ ತುಂಬಿಸಿದ್ದೆ.

ನಾಗರಾಜ
ನೀನು ತುಂಬಿಸಿದ್ದು ಬೋರ್ ನೀರು.

ದೊಡ್ಡಪ್ಪ
ಮತ್ತೆ ಶುರುವಾಯ್ತಾ. ಯಾರು ತುಂಬಿಸಿದ್ರು ಅನ್ನೋದು ಬಿಡಿ, ಮೊದಲು ಗಾಡಿ ನೋಡ್ಕೊಳ್ಳಿ. ನಾಳಿದ್ದು ಮಳೆ ಬಂದ್ರೆ ಬಿತ್ತನೆ ನಿಲ್ಲುತ್ತೆ.

ರಮೇಶ ಭಾವ
ಒಳ್ಳೇದಾಯ್ತು, ಸಣ್ಣದರಲ್ಲಿ ಸಿಕ್ಕಿದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆತಂಗೆ ಬೆಳ್ಳಗಿದ್ರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಪ್ಯಾಕಿಂಗ್) ಹೋಗಿದೆ, ಸ್ಟಾರ್ಟ್ ಮಾಡದೆ ನನಗೆ ಫೋನ್ ಮಾಡಿ. ಕಪ್ಪಗೇ ಇದ್ರೆ ಮುಂದಿನ ಕೆಲಸ ಇದು. ಹೋಸ್ ಹೊಸದು ಹಾಕಿ, ಉಬ್ಬಿದ್ದನ್ನ ಬಿಗಿ ಮಾಡಿ ಪ್ರಯೋಜನ ಇಲ್ಲ. ಪೈಪಿನ ತುದಿಯಲ್ಲಿ ಉಬ್ಬು ಅಂಚು ಇದೆಯಲ್ಲ, ಕ್ಲಿಪ್ ಅದರ ಹಿಂದೆ ಕೂರಬೇಕು. ಅಂಚಿನ ಮೇಲೆ ಕೂತ್ರೆ ಮತ್ತೆ ಸೋರುತ್ತೆ. ಬೋರ್ ನೀರು ಪೂರ್ತಿ ಇಳಿಸಿ, ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ಹಾಕಿ. ನಿಧಾನಕ್ಕೆ ತುಂಬಿಸಿ, ಮುಚ್ಚಳ ತೆಗೆದೇ ಐಡಲ್‌ನಲ್ಲಿ ಬಿಡಿ. ಮೇಲಿನ ಹೋಸ್ ಬೆಚ್ಚಗಾಗಿ ಗುಳ್ಳೆ ನಿಂತ ಮೇಲೆ ಇಳಿದಷ್ಟು ಸೇರಿಸಿ ಮುಚ್ಚಿ. ಗುಳ್ಳೆ ನಿಲ್ಲದೇ ಇದ್ರೆ ಅದೂ ಗ್ಯಾಸ್ಕೆಟ್ ಲಕ್ಷಣ, ಆಗಲೂ ಫೋನ್ ಮಾಡಿ. ಒಂದು ದಿನ ಓಡಿಸಿ ತಣ್ಣಗಾದ ಮೇಲೆ ಕ್ಲಿಪ್ ಇನ್ನೊಂದು ಸಲ ಬಿಗಿ ಮಾಡಿ.

ನಾಗರಾಜ
ಆಯಿಲ್ ಕಪ್ಪಗೇ ಇದೆ ಭಾವ. ರೇಡಿಯೇಟರ್ ಜಾಲರಿಗೆ ಹುಲ್ಲು, ಧೂಳು ಮೆತ್ತಿಕೊಂಡಿದೆ.

ರಮೇಶ ಭಾವ
ಅದೂ ಕಾರಣವೇ. ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೀರಿ, ಮುಂದಿನಿಂದ ಹೊಡೆದ್ರೆ ಕಸ ಒಳಗೇ ಕೂರುತ್ತೆ. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದ್ರೆ ರೆಕ್ಕೆಗಳು ಮಡಚ್ತವೆ.
ಮಂಜ, 24 ಎಚ್‌ಪಿಗೆ 4 ಅಡಿಯದ್ದೇ ಕಟ್ಟು. 5 ಅಡಿಗೆ 35 ಎಚ್‌ಪಿ ಮೇಲಿನ ಗಾಡಿ ಬೇಕು. ಭಾರ ಅನ್ನಿಸಿದ್ರೆ ಆಕ್ಸಿಲರೇಟರ್ ಇಳಿಸಬೇಡಿ, ಗೇರ್ ಇಳಿಸಿ. ಎಂಜಿನ್ ಸ್ಪೀಡ್ ಇಳಿದ್ರೆ ಫ್ಯಾನೂ ಪಂಪೂ ನಿಧಾನ ಆಗಿ ಇನ್ನೂ ಕಾಯುತ್ತೆ. ಒಂದೇ ಸಲಕ್ಕೆ ಆಳ ಬೇಡ, ಎರಡು ಸಲ ಹೊಡೀರಿ. ನಿಲ್ಲಿಸೋ ಮುಂಚೆ 3–4 ನಿಮಿಷ ಐಡಲ್‌ನಲ್ಲಿ ಬಿಡಿ.

ಮಂಜ
5 ಅಡಿಯದ್ದು ಇವತ್ತೇ ವಾಪಸ್ ಕೊಟ್ಟು ಬರ್ತೀನಿ. ಬರುವಾಗ ಆಲೂರಲ್ಲಿ ಹೋಸ್, ಕ್ಲಿಪ್ ತರ್ತೀನಿ. 4 ಅಡಿಯದ್ದರ ಗೇರ್‌ಬಾಕ್ಸ್ ಅರ್ಧ ದುಡ್ಡು ನಿಂದು, ಅಣ್ಣ.

ನಾಗರಾಜ
ಆಯ್ತು. ಮುಚ್ಚಳಾನೂ ತಾ. ಹಳೇದು ಕೊಡ್ತೀನಿ, ಮೇಲೆ ಬರೆದಿರೋ ಅಂಕಿಯದ್ದೇ ಕೇಳು.

ಸುಮಕ್ಕ
ಆ ಮೆಸೇಜ್ ಡಿಲೀಟ್ ಮಾಡಿದೀನಿ. ಕಿರಣ ಹೇಳ್ದ ಅಂತಲ್ಲ, ನಮ್ಮನೆಯವರು ಹೇಳಿದ್ರು ಅಂತ.

ರಮೇಶ ಭಾವ
ನಾಗರಾಜ, ಇಳಿಸಿದ ನೀರನ್ನ ಬಾನಿಯಲ್ಲಿ ಹಿಡಿದು ಕ್ಯಾನಿಗೆ ಹಾಕಿ ಮುಚ್ಚು. ಸಿಹಿ ಇರೋದ್ರಿಂದ ನಾಯಿ, ಕರು ನೆಕ್ಕುತ್ತವೆ, ಅದು ವಿಷ. ಕೆಲಸ ಮುಗಿಯೋವರೆಗೆ ನಾಯಿ ಕಟ್ಟಿರು. ಚೆಲ್ಲಿದ ಕಡೆ ಮಣ್ಣು ಹಾಕಿ ಬಳಿದು ತೆಗೆದುಬಿಡು.

ನಾಗರಾಜ
ಕಟ್ಟಿದೀನಿ ಭಾವ.