ನಾಲ್ಕನೇ ತರಗತಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು: ಪಠ್ಯವನ್ನು ಎಷ್ಟು ಮಾರ್ಪಡಿಸಬೇಕು?

ಶಿಕ್ಷಕಿ, ಹಾವೇರಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಈ ವರ್ಷ ನನ್ನ ತರಗತಿಯಲ್ಲಿ ಇಬ್ಬರು ಮಕ್ಕಳ ವಿಷಯದಲ್ಲಿ ದಾರಿ ತೋಚುತ್ತಿಲ್ಲ. ಒಬ್ಬ ಹುಡುಗ ಮಾತಿನಲ್ಲಿ ಬಹಳ ಚುರುಕು, ಕೇಳಿದ ಕಥೆಯನ್ನು ಒಂದೆಳೆಯೂ ಬಿಡದೆ ಹೇಳುತ್ತಾನೆ. ಆದರೆ ಒತ್ತಕ್ಷರ ಬಂದ ಕಡೆ ಅವನ ಓದು ನಿಂತುಬಿಡುತ್ತದೆ, ‘ಅಕ್ಕ’ ಎಂಬುದನ್ನು ‘ಅಕ’ ಎಂದೇ ಬರೆಯುತ್ತಾನೆ. ಇನ್ನೊಬ್ಬಳು ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದಿರುವ ಹುಡುಗಿ, ಇಪ್ಪತ್ತರವರೆಗೆ ಎಣಿಸುತ್ತಾಳೆ. ಮೂರನೇ ತರಗತಿಯವರೆಗೆ ನಲಿ-ಕಲಿ ಎಂಬ ಚಟುವಟಿಕೆ ಕಾರ್ಡುಗಳ ಕಲಿಕಾ ಪದ್ಧತಿಯಲ್ಲಿ ಇಬ್ಬರೂ ತಮ್ಮ ಗತಿಯಲ್ಲಿ ಕಾರ್ಡುಗಳನ್ನು ಮುಗಿಸುತ್ತಾ ಬಂದರು. ಈಗ ಎಲ್ಲರ ಕೈಯಲ್ಲೂ ಒಂದೇ ಪುಸ್ತಕ, ಒಂದೇ ಪುಟ. ಇವರಿಗಾಗಿ ಪಠ್ಯವನ್ನು ಕಡಿಮೆ ಮಾಡಬಹುದೇ? ಮಾಡಿದರೆ ಮೌಲ್ಯಮಾಪನದಲ್ಲಿ ಏನು ಬರೆಯಬೇಕು?

ಸಂಪನ್ಮೂಲ ಶಿಕ್ಷಕ, ಧಾರವಾಡ:

ಮೇಡಂ, ಈ ಇಬ್ಬರು ಮಕ್ಕಳ ಅಗತ್ಯ ಒಂದೇ ಬಗೆಯದಲ್ಲ. ಹುಡುಗನಿಗೆ ಪಠ್ಯವನ್ನು ಕಡಿಮೆ ಮಾಡುವ ಅಗತ್ಯವೇ ಇಲ್ಲ, ಪಠ್ಯವನ್ನು ತಲುಪುವ ದಾರಿಯನ್ನು ಬದಲಿಸಿದರೆ ಸಾಕು. ಹುಡುಗಿಗೆ ಕೆಲವು ವಿಷಯಗಳಲ್ಲಿ ಕಲಿಕೆಯ ಗುರಿಯನ್ನೇ ಬದಲಿಸಬೇಕಾಗುತ್ತದೆ. ಮೊದಲು ದಾರಿಯನ್ನು ಬದಲಿಸಿ ನೋಡಬೇಕು, ಅದರಿಂದಲೂ ಆಗದಿದ್ದಲ್ಲಿ ಮಾತ್ರ ಗುರಿಗೆ ಕೈ ಹಾಕಬೇಕು. ಅದನ್ನೂ ಒಂದೊಂದು ವಿಷಯಕ್ಕೆ ಬೇರೆಬೇರೆಯಾಗಿ ನಿರ್ಧರಿಸಬೇಕೇ ಹೊರತು ‘ಈ ಮಗುವಿಗೆ ಎಲ್ಲವೂ ಅರ್ಧ’ ಎಂದು ಒಟ್ಟಾರೆಯಾಗಿ ತೀರ್ಮಾನಿಸಬಾರದು.

ಹುಡುಗನ ವಿಷಯ: ಓದಲು ಕಷ್ಟಪಡುತ್ತಾನೆಂಬ ಕಾರಣಕ್ಕೆ ಪರಿಸರ ಅಧ್ಯಯನದಲ್ಲಿ ಅವನು ಹಿಂದೆ ಬೀಳಬಾರದು. ಪಾಠವನ್ನು ಜೊತೆಗಾರನೊಬ್ಬ ಓದಿ ಹೇಳಲಿ, ಉತ್ತರವನ್ನು ಇವನು ಬಾಯಿಮಾತಿನಲ್ಲಿ ಕೊಡಲಿ. ಓದಿನ ಅಭ್ಯಾಸಕ್ಕೆ ದಿನವೂ ಪ್ರತ್ಯೇಕವಾಗಿ ಸ್ವಲ್ಪ ಸಮಯವನ್ನು ಮೀಸಲಿಡಿ. ಕ, ಗ, ಟ, ಡ ಮುಂತಾದವುಗಳ ಒತ್ತು ತಲೆಕಟ್ಟು ತೆಗೆದ ಮೂಲಾಕ್ಷರದಂತೆಯೇ ಕಾಣುವುದರಿಂದ ಮಕ್ಕಳು ಅದನ್ನು ಬೇಗ ಗುರುತಿಸುತ್ತಾರೆ. ತ, ನ, ಮ, ಯ, ರ, ಲ ಇವುಗಳ ಒತ್ತಿನ ಆಕಾರವೇ ಬೇರೆ. ತೊಡಕು ಹೆಚ್ಚಾಗಿ ಬರುವುದು ಇಲ್ಲಿಯೇ. ಆದ್ದರಿಂದ ಅಕ್ಕ, ಹಗ್ಗ, ಬೆಟ್ಟ ಇಂಥ ಸಜಾತೀಯ (ಅದೇ ಅಕ್ಷರಕ್ಕೆ ಅದೇ ಒತ್ತು ಬರುವ) ಪದಗಳಿಂದ ಪ್ರಾರಂಭಿಸಿ, ಅನಂತರ ಅಮ್ಮ, ಅನ್ನ, ಬೆಲ್ಲ, ಕೊನೆಗೆ ರಾತ್ರಿ, ಪುಸ್ತಕ ಎಂಬ ವಿಜಾತೀಯಗಳಿಗೆ (ಬೇರೆ ಅಕ್ಷರದ ಒತ್ತು ಬರುವವುಗಳಿಗೆ) ಬನ್ನಿ. ‘ಅಕ್–ಕ’ ಎಂದು ಚಪ್ಪಾಳೆ ತಟ್ಟಿ ಬಿಡಿಸಿ ಹೇಳಿಸಿದರೆ, ತಾನು ಬರೆಯದೆ ಬಿಟ್ಟ ಧ್ವನಿ ಯಾವುದೆಂದು ಅವನ ಕಿವಿಗೇ ತಿಳಿಯುತ್ತದೆ.

ಹುಡುಗಿಗೆ ಗಣಿತದಲ್ಲಿ ಗುರಿ ಬೇರೆಯಾದರೂ ಕೂರುವ ಜಾಗ ಬೇರೆಯಾಗಬಾರದು. ಉಳಿದವರು ದಶಕ ಬಿಡಿಸಿ ಕಳೆಯುವ ಲೆಕ್ಕ ಮಾಡುತ್ತಿರುವಾಗ, ಅದೇ ಗುಂಪಿನಲ್ಲಿ ಇವಳು ಜೋಳದ ದಂಟಿನ ತುಂಡುಗಳನ್ನು ಹತ್ತರಂತೆ ಎಣಿಸಿ ದಾರದಿಂದ ಕಟ್ಟಲಿ. ಆ ಕಟ್ಟನ್ನು ಬಿಚ್ಚಿದರೆ ಹತ್ತು ಬಿಡಿ ತುಂಡುಗಳು ಸಿಗುತ್ತವೆ ಎಂಬುದು ಅವಳ ಪಾಠ. ಉಳಿದವರ ಲೆಕ್ಕಕ್ಕೂ ಅದೇ ಕಟ್ಟುಗಳು ಬೇಕು.

ಪಾಲಕರು, ಹುಬ್ಬಳ್ಳಿ:

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪಾಲಕಳಾಗಿ ಒಂದು ಆತಂಕವನ್ನು ಹೇಳಲೇಬೇಕು. ಒಮ್ಮೆ ತಗ್ಗಿಸಿದ ಗುರಿಯನ್ನು ಮತ್ತೆ ಏರಿಸಿದ್ದನ್ನು ನಾನು ನೋಡಿಲ್ಲ. ನನ್ನ ಮಗನಿಗೆ ಒಂದು ಶಾಲೆಯಲ್ಲಿ ‘ಸುಲಭ ಪಠ್ಯ’ ಎಂದು ಕೊಟ್ಟದ್ದು ಇಡೀ ವರ್ಷ ಚಿತ್ರಕ್ಕೆ ಬಣ್ಣ ತುಂಬುವ ಹಾಳೆಗಳನ್ನು ಮಾತ್ರ. ಮಗು ಗಲಾಟೆ ಮಾಡದೆ ಕುಳಿತಿದೆ ಎಂದ ಮಾತ್ರಕ್ಕೆ ಕಲಿಯುತ್ತಿದೆ ಎಂದಲ್ಲ. ಆದ್ದರಿಂದ ಅಕ್ಕೋರೆ, ಯಾವ ಗುರಿಯನ್ನು, ಏಕೆ ಬದಲಿಸಿದ್ದೀರಿ, ಮತ್ತೆ ಯಾವಾಗ ಪರಿಶೀಲಿಸುತ್ತೀರಿ ಎಂಬುದನ್ನು ಬರೆದು, ಆ ಹುಡುಗಿಯ ತಾಯಿ-ತಂದೆಗೆ ಓದಿ ಹೇಳಿ. ವೈಯಕ್ತಿಕ ಶಿಕ್ಷಣ ಯೋಜನೆ ಎಂಬ ಕಡತ ಬೀರುವಿನಲ್ಲೇ ಉಳಿದರೆ ಯಾರಿಗೂ ಉಪಯೋಗವಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ, ಗದಗ:

ಮೇಡಂ, ಆ ಹುಡುಗನ ಮನೆಮಾತು ಯಾವುದೆಂದು ನೀವು ಬರೆದಿಲ್ಲ. ನಮ್ಮ ಭಾಗದ ತಾಂಡಾಗಳಲ್ಲಿ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುತ್ತಾರೆ, ಪೇಟೆಯ ಕೆಲವು ಓಣಿಗಳಲ್ಲಿ ಉರ್ದು. ಶಾಲೆಯ ಕನ್ನಡ ಹೊಸದಾಗಿರುವ ಮಗುವನ್ನು ಕಲಿಕಾ ನ್ಯೂನತೆಯ ಪಟ್ಟಿಗೆ ಸೇರಿಸುವುದೂ ಉಂಟು, ನಿಜವಾದ ನ್ಯೂನತೆಯನ್ನು ‘ಮನೆಮಾತು ಬೇರೆ’ ಎಂದು ತಳ್ಳಿಹಾಕುವುದೂ ಉಂಟು. ನನ್ನ ದೃಷ್ಟಿಯಲ್ಲಿ ಎರಡನೆಯದು ಹೆಚ್ಚು ಹಾನಿಕರ. ನಿಮ್ಮ ಹುಡುಗ ಕನ್ನಡದಲ್ಲಿಯೇ ಸರಾಗವಾಗಿ ಕಥೆ ಹೇಳುತ್ತಾನೆಂದ ಮೇಲೆ ತೊಂದರೆ ಭಾಷೆಯದ್ದಲ್ಲವೆಂದೇ ತೋರುತ್ತದೆ. 2018ರ ಕೇಂದ್ರ ಮಾರ್ಗಸೂಚಿಯಂತೆ ನಿರ್ದಿಷ್ಟ ಕಲಿಕಾ ನ್ಯೂನತೆಗೆ (ಓದು, ಬರಹ, ಲೆಕ್ಕ ಇಂಥವುಗಳಲ್ಲಿನ ತೊಡಕಿಗೆ) ಪ್ರಮಾಣಪತ್ರ ಕೊಡುತ್ತಿದ್ದುದು 8 ವರ್ಷ ತುಂಬಿದ ಮಕ್ಕಳಿಗೆ. ಇವನಿಗೆ ಆ ವಯಸ್ಸು ಮೀರಿರಬೇಕು. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ಯಲು ಪಾಲಕರಿಗೆ ತಿಳಿಸಿ. ಆದರೆ ಕಾಗದ ಕೈಗೆ ಬರುವವರೆಗೆ ಪಾಠದ ಬದಲಾವಣೆಯನ್ನು ತಡೆಹಿಡಿಯಬೇಡಿ.

ನಲಿ-ಕಲಿಯ ಬಗ್ಗೆಯೂ ಒಂದು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಆ ಪದ್ಧತಿಯ ಸತ್ವವಿರುವುದು ಶಿಕ್ಷಕರ ಸಹಾಯದಿಂದ ಹಿಡಿದು ಸಹಪಾಠಿಗಳ ಸಹಾಯ, ಸ್ವಕಲಿಕೆಯವರೆಗಿನ ಐದು ತಟ್ಟೆಗಳಲ್ಲಿ, ಅಂದರೆ ಮಕ್ಕಳು ಕೂರುವ ಐದು ಗುಂಪುಗಳಲ್ಲಿ. ನಾಲ್ಕನೇ ತರಗತಿಯಲ್ಲಿ ತಟ್ಟೆಗಳಲ್ಲಿ ಕೂರಿಸಬಾರದೆಂದು ಯಾರೂ ಹೇಳಿಲ್ಲ. ವಾರದಲ್ಲಿ ಕೆಲವು ಅವಧಿಗಳನ್ನಾದರೂ ಹಾಗೆ ನಡೆಸಿದರೆ ಈ ಇಬ್ಬರಿಗೆ ಮಾತ್ರವಲ್ಲ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಇನ್ನೂ ನಾಲ್ಕಾರು ಮಕ್ಕಳಿಗೆ ಉಸಿರಾಡಲು ಅವಕಾಶವಾಗುತ್ತದೆ.

ಶಿಕ್ಷಕಿ, ಹಾವೇರಿ ತಾಲ್ಲೂಕು:

ಹುಡುಗನ ಮನೆಮಾತು ಕನ್ನಡವೇ, ಸರ್. ಇವೆಲ್ಲವೂ ತರಗತಿಯೊಳಗೆ ಸಾಧ್ಯ. ಆದರೆ ಸಂಕಲನಾತ್ಮಕ ಮೌಲ್ಯಮಾಪನದ (ಅವಧಿಯ ಕೊನೆಯ ಪರೀಕ್ಷೆಯ) ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಅಲ್ಲವೇ? ತಪಾಸಣೆಗೆ ಬಂದವರು ‘ಇವನಿಗೆ ಮೌಖಿಕವಾಗಿ ಏಕೆ ಕೇಳಿದಿರಿ’ ಎಂದರೆ ಏನು ಹೇಳಲಿ?

ಸಂಪನ್ಮೂಲ ಶಿಕ್ಷಕ, ಧಾರವಾಡ:

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 17ನೇ ಕಲಮನ್ನು ತೋರಿಸಿ. ಪಠ್ಯಕ್ರಮದಲ್ಲಿಯೂ ಪರೀಕ್ಷಾ ಪದ್ಧತಿಯಲ್ಲಿಯೂ ಸೂಕ್ತ ಮಾರ್ಪಾಡು ಮಾಡುವುದು ಸರ್ಕಾರದ ಮತ್ತು ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯವೆಂದು ಅಲ್ಲಿಯೇ ಇದೆ. ಹೆಚ್ಚಿನ ಸಮಯ, ಬರೆಯಲು ಸಹಾಯಕ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ, ಇವುಗಳನ್ನು ಉದಾಹರಣೆಯಾಗಿ ಹೆಸರಿಸಲಾಗಿದೆ. ಭಾಷಾ ವಿನಾಯಿತಿಗೆ ಈಗಲೇ ಅವಸರಪಡಬೇಡಿ. ನಾಲ್ಕನೇ ತರಗತಿಯಲ್ಲಿ ಇಂಗ್ಲಿಷನ್ನು ಕಿವಿಯಿಂದ ಕಲಿಯುವ ಅವಕಾಶ ಅವನಿಗೆ ಇರಲಿ.

ಹುಡುಗನಿಗೆ ಪ್ರಶ್ನೆಪತ್ರಿಕೆ ಅದೇ ಇರಲಿ. ಪ್ರಶ್ನೆಯನ್ನು ನೀವು ಓದಿ ಹೇಳಿ, ಅವನು ಹೇಳಿದ ಉತ್ತರವನ್ನು ಅವನ ಮಾತಿನಲ್ಲಿಯೇ ಬರೆದುಕೊಂಡು ‘ಮೌಖಿಕ’ ಎಂದು ನಮೂದಿಸಿ. ಕನ್ನಡ ಓದಿನ ಪರೀಕ್ಷೆಯಲ್ಲಿ ಮಾತ್ರ ಓದಿ ಹೇಳಬೇಡಿ, ಅಲ್ಲಿ ಅಳೆಯುತ್ತಿರುವುದೇ ಓದನ್ನು. ಹುಡುಗಿಗೆ ಗಣಿತದಲ್ಲಿ ಅವಳ ಯೋಜನೆಯ ಗುರಿಗಳ ಮೇಲೆಯೇ ಪ್ರತ್ಯೇಕ ಪ್ರಶ್ನೆಗಳಿರಲಿ. ದಿನಾಂಕ ಹಾಕಿದ ಅವಳ ಕೆಲಸದ ಹಾಳೆಗಳನ್ನು ಕೃತಿ ಸಂಪುಟದಲ್ಲಿಡಿ. ನಿಮ್ಮ ಬಿ.ಆರ್.ಸಿ.ಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿರುವ) ಬಿ.ಐ.ಇ.ಆರ್.ಟಿ. ಅವರನ್ನು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಮೊದಲ ಪರೀಕ್ಷೆಗೆ ಮುಂಚೆಯೇ ಶಾಲೆಗೆ ಕರೆಸಿ, ಇಬ್ಬರೂ ಮಕ್ಕಳ ವೈಯಕ್ತಿಕ ಶಿಕ್ಷಣ ಯೋಜನೆಗಳಿಗೆ ಅವರ ಮತ್ತು ಮುಖ್ಯೋಪಾಧ್ಯಾಯರ ಸಹಿ ಪಡೆದುಕೊಳ್ಳಿ.